ಇಂಡೋನೇಷ್ಯಾದ ಡಿಗ್ರಿ ವಿದ್ಯಾರ್ಥಿಗಳ ಪ್ರಬಂಧದಲ್ಲಿ ಕಾಗುಣಿತ ತಪ್ಪುವುದು ಎಲ್ಲಿ, ಯಾಕೆ?

ಜೋಗ್ಜಾ_ಕನ್ನಡತಿ:

ನಮಸ್ಕಾರ. ಕರಡು ತಿದ್ದುವವರು, ಪಾಠ ಹೇಳುವವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಇಲ್ಲೇ ಕೇಳುತ್ತಿದ್ದೇನೆ. ನಾನಿರುವುದು ಜಾವಾದ ಯೋಗ್ಯಕರ್ತದಲ್ಲಿ. ಇಲ್ಲಿ ಡಿಗ್ರಿಯ ಕೊನೆಗೆ ಬರೆಯುವ ಪ್ರಬಂಧಕ್ಕೆ ಸ್ಕ್ರಿಪ್ಸಿ ಅಂತಾರೆ. ಅದರ ಕರಡು ಓದಿ ಭಾಷೆ ಸರಿ ಮಾಡಿಕೊಡುವುದು ನನ್ನ ಕೆಲಸದ ಒಂದು ಭಾಗ. ಅಧ್ಯಾಪಕರು ಸೇರಿದ ಕಡೆಯೆಲ್ಲ ಒಂದು ಮಾತು ಬಂದೇ ಬರುತ್ತದೆ, "ಈಗಿನ ಹುಡುಗರಿಗೆ ಅವರ ಭಾಷೆಯನ್ನೇ ನೆಟ್ಟಗೆ ಬರೆಯೋಕೆ ಬರಲ್ಲ" ಅಂತ. ನನಗೆ ಇದು ಒಪ್ಪಿಗೆ ಇಲ್ಲ. ತಪ್ಪು ಇದೆ, ಬೇಕಾದಷ್ಟಿದೆ. ಆದರೆ ಅದು ಎಲ್ಲೆಂದರಲ್ಲಿ ಬೀಳುವ ತಪ್ಪಲ್ಲ. ನಾಲ್ಕೈದು ಜಾಗಗಳಿವೆ, ಮತ್ತೆ ಮತ್ತೆ ಅಲ್ಲೇ ಬೀಳುತ್ತದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇಂಡೋನೇಷ್ಯಾದ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ. ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಇಲ್ಲ. ಹೆಚ್ಚುಕಮ್ಮಿ ನುಡಿದ ಹಾಗೇ ಬರಹ. ಹಾಗಿದ್ದರೆ ತಪ್ಪುವುದು ಎಲ್ಲಿ ಅಲ್ವಾ? ಒಂದು ವಾಕ್ಯ ಕೊಡುತ್ತೇನೆ. ಯಾರ ಪ್ರಬಂಧದ್ದೂ ಅಲ್ಲ, ತೋರಿಸುವುದಕ್ಕೆ ನಾನೇ ಕಟ್ಟಿದ್ದು.

"ಪೆನೆಲಿತಿಯನ್ ಇನಿ ದಿ ಲಾಕುಕನ್ ದಿಸೆಕೊಲಾಹ್ ಉಂತುಕ್ ಮೆಂಗಾನಲಿಸ ಅಕ್ತಿಫಿತಾಸ್ ಸಿಸ್ವ."

ಅರ್ಥ: ವಿದ್ಯಾರ್ಥಿಗಳ ಚಟುವಟಿಕೆಯನ್ನು ವಿಶ್ಲೇಷಿಸಲು ಈ ಸಂಶೋಧನೆಯನ್ನು ಶಾಲೆಯಲ್ಲಿ ಮಾಡಲಾಗಿದೆ. ಇಷ್ಟು ಚಿಕ್ಕ ವಾಕ್ಯದಲ್ಲಿ ನಾಲ್ಕು ತಪ್ಪಿದೆ. "ದಿ ಲಾಕುಕನ್" ಒಂದೇ ಪದವಾಗಿ ಕೂಡಿರಬೇಕು, "ದಿಲಾಕುಕನ್". "ದಿಸೆಕೊಲಾಹ್" ಬಿಡಿಯಾಗಿರಬೇಕು, "ದಿ ಸೆಕೊಲಾಹ್". "ಮೆಂಗಾನಲಿಸ" ಅಲ್ಲ, "ಮೆಂಗಾನಲಿಸಿಸ್". "ಅಕ್ತಿಫಿತಾಸ್" ಪದದಲ್ಲಿ ಎಫ್ ಅಲ್ಲ, ವಿ ಅಕ್ಷರ ಬರಬೇಕು. ಗಟ್ಟಿಯಾಗಿ ಓದಿದರೆ ಮೂರನೆಯದು ಬಿಟ್ಟು ಉಳಿದ ಮೂರೂ ಕಿವಿಗೆ ಸರಿಯಾಗೇ ಕೇಳುತ್ತವೆ. ಮಾತಾಡಿದ ಹಾಗೆ ಬರೆ ಅಂತ ಚಿಕ್ಕಂದಿನಿಂದ ಕಲಿತ ಮಕ್ಕಳಿಗೆ ಇಲ್ಲಿ ಕಿವಿ ನೆರವಿಗೆ ಬರುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ತಪ್ಪುವುದು ಈ "ದಿ" ವಿಷಯದಲ್ಲೇ. ಕ್ರಿಯಾಪದದ ಮುಂದೆ ಬಂದು "ಮಾಡಲಾಯಿತು, ನೋಡಲಾಯಿತು" ಅನ್ನುವ ಅರ್ಥ ಕೊಡುವ "ದಿ" ಒಂದು. ಅದನ್ನು ಕೂಡಿಸಿ ಬರೆಯಬೇಕು. ನಮ್ಮ "ಅಲ್ಲಿ" ಪ್ರತ್ಯಯದ ಕೆಲಸ ಮಾಡುವ "ದಿ" ಇನ್ನೊಂದು. ಅದನ್ನು ಬಿಡಿಸಿ ಬರೆಯಬೇಕು. ಉಚ್ಚಾರ ಎರಡಕ್ಕೂ ಒಂದೇ. ಪ್ರಬಂಧದಲ್ಲಂತೂ ಎರಡೂ ಪಕ್ಕಪಕ್ಕವೇ ಬರುತ್ತವೆ. "ದಿ ಅತಾಸ್" ಅಂದರೆ ಮೇಲೆ, ಬಿಡಿ. "ದಿಅತಾಸಿ" ಅಂದರೆ ಸಮಸ್ಯೆ ಪರಿಹರಿಸಲಾಯಿತು, ಕೂಡಿ. "ಮೇಲೆ ಹೇಳಿದ ಸಮಸ್ಯೆಯನ್ನು ಹೀಗೆ ಪರಿಹರಿಸಬಹುದು" ಅಂತ ಬರೆಯದ ಸ್ಕ್ರಿಪ್ಸಿ ಇದೆಯಾ ಹೇಳಿ.

ನಿಮ್ಮ ಅನುಭವ ಏನು? ಇಂಥ ತಪ್ಪನ್ನು ಸುಮ್ನೆ ತಿದ್ದಿ ಮುಂದಕ್ಕೆ ಹೋಗುತ್ತೀರಾ, ಇಲ್ಲ ಕೂರಿಸಿ ಕಲಿಸುತ್ತೀರಾ?


ಮೇಷ್ಟ್ರು_ಧಾರವಾಡ:

ಅಕ್ಕಾರ, ವಿಷಯ ಚಲೋ ಐತಿ. ಆದರೆ ನಾನು ಸ್ವಲ್ಪ ಬಿಗಿಯಾಗೇ ಹೇಳುತ್ತೇನೆ. ಕೊನೇ ವರ್ಷದ ವಿದ್ಯಾರ್ಥಿ ಅಂದರೆ ಇಪ್ಪತ್ತು ದಾಟಿರುತ್ತದೆ. ಒಂದನೇ ಇಯತ್ತೆಯಿಂದ ಅದೇ ಭಾಷೆಯಲ್ಲಿ ಓದಿ ಬಂದವರು. ಎರಡು "ದಿ" ನಡುವಿನ ವ್ಯತ್ಯಾಸ ಕಲಿಯಲು ಹದಿನಾರು ವರ್ಷ ಸಾಲದೇ? ಪರೀಕ್ಷಕ ಮೊದಲ ಪುಟದಲ್ಲೇ ಮೂರು ತಪ್ಪು ಕಂಡರೆ ಒಳಗಿನ ಅಂಕಿಅಂಶದ ಮೇಲೂ ಅವನಿಗೆ ನಂಬಿಕೆ ಹೋಗುತ್ತದೆ. ಕಾರಣ ಹುಡುಕಿ ಸಮಾಧಾನ ಮಾಡುವುದಕ್ಕಿಂತ ಅಂಕ ಕಡಿಯುವುದೇ ಮದ್ದು ಅಂತ ನನಗನಿಸುತ್ತದೆ.


ಜೋಗ್ಜಾ_ಕನ್ನಡತಿ:

ಸರ್, ಪರೀಕ್ಷಕರ ನಂಬಿಕೆ ಹೋಗುತ್ತದೆ ಅನ್ನುವುದು ನಿಜ. ಅದಕ್ಕೇ ನನಗೂ ಇದು ದೊಡ್ಡ ವಿಷಯ. ಆದರೆ "ಕಲಿತೇ ಇಲ್ಲ" ಅನ್ನುವ ಮುಂಚೆ ಈ ನಿಯಮದ ಚರಿತ್ರೆ ಸ್ವಲ್ಪ ನೋಡಿ.

1901ರಲ್ಲಿ ಡಚ್ಚರ ಕಾಲದಲ್ಲಿ ವಾನ್ ಒಫೌಸೆನ್ ಎಂಬವರ ಹೆಸರಿನ ಬರವಣಿಗೆ ಪದ್ಧತಿ ಬಂತು. "ಉ" ಸ್ವರಕ್ಕೆ ಒ ಮತ್ತು ಇ ಎರಡು ರೋಮನ್ ಅಕ್ಷರ, "ಚ"ಕ್ಕೆ ಟಿ ಮತ್ತು ಜೆ, ಹೀಗೆ. ಸ್ವಾತಂತ್ರ್ಯ ಘೋಷಿಸಿದ ಮೇಲೆ 1947ರಲ್ಲಿ ಸಚಿವ ಸುವಂದಿಯವರ ಕಾಲದ ಪದ್ಧತಿ ಬಂತು, "ಉ"ಗೆ ಒಂದೇ ಅಕ್ಷರ ಸಾಕು ಅಂತ ಆಯಿತು. ಆಮೇಲೆ 1972ರ ಆಗಸ್ಟ್ 16ರಂದು ಅಧ್ಯಕ್ಷ ಸುಹಾರ್ತೊ ಇವೈಡಿ ಎಂಬ ಸುಧಾರಿತ ಪದ್ಧತಿಯನ್ನು ಘೋಷಿಸಿದರು. ಇವತ್ತಿನ ಬರವಣಿಗೆಯ ಬುನಾದಿ ಅದೇ.

ಈಗ ಗಮನಿಸಿ. 1947ರ ಪದ್ಧತಿಯಲ್ಲಿ ಎರಡೂ "ದಿ"ಗಳನ್ನು ಕೂಡಿಸಿಯೇ ಬರೆಯಬೇಕಿತ್ತು! "ದಿಸೆಕೊಲಾಹ್" ಅಂತ ಬರೆದರೆ ಅದೇ ಸರಿ. ಬಹುವಚನಕ್ಕೆ ಪದವನ್ನು ಎರಡು ಸಲ ಹೇಳುತ್ತಾರಲ್ಲ, "ಅನಕ್-ಅನಕ್" ಅಂದರೆ ಮಕ್ಕಳು, ಅದಕ್ಕೆ "ಅನಕ್" ಬರೆದು ಪಕ್ಕದಲ್ಲಿ 2 ಅಂತ ಅಂಕಿ ಹಾಕಿದರೂ ನಡೆಯುತ್ತಿತ್ತು. ಅಂದರೆ ಇವತ್ತು ಮೊಮ್ಮಗ ಮಾಡುವ ತಪ್ಪು ಅಜ್ಜನ ಶಾಲೆಯಲ್ಲಿ ತಪ್ಪೇ ಆಗಿರಲಿಲ್ಲ. ಅಜ್ಜ ಬರೆದದ್ದನ್ನು ಅಪ್ಪ ನೋಡಿದ, ಅಂಗಡಿ ಬೋರ್ಡಿನಲ್ಲಿ, ಮದುವೆ ಕಾಗದದಲ್ಲಿ ಈಗಲೂ ಹಾಗೇ ಇದೆ. ಶಾಲೆಯಲ್ಲಿ ವಾರಕ್ಕೆ ಕೆಲವು ತಾಸು ಹೇಳಿದ ನಿಯಮಕ್ಕೂ ಬೀದಿಯಲ್ಲಿ ದಿನವಿಡೀ ಕಾಣುವ ಬರಹಕ್ಕೂ ಪೈಪೋಟಿ ಬಿದ್ದರೆ ಗೆಲ್ಲುವುದು ಬೀದಿಯೇ.

ವಿಶ್ವವಿದ್ಯಾಲಯದ ಗೇಟೇ ನೋಡಿ. ನಮ್ಮೂರಿನ ಗಜ ಮಾದ ವಿಶ್ವವಿದ್ಯಾಲಯದ ಹೆಸರಿನಲ್ಲಿ "ಜ"ಕ್ಕೆ ಈಗಲೂ ಡಿ-ಜೆ ಎಂಬ ಹಳೇ ಜೋಡಿ ಅಕ್ಷರ ಇದೆ. ಬಾಂದುಂಗ್ ಕಡೆಯ ಪಜಜಾರನ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಅದು ಎರಡು ಸಲ ಬರುತ್ತದೆ. ಹೆಸರು ಬದಲಿಸಬೇಕು ಅಂತ ನಾನು ಹೇಳುತ್ತಿಲ್ಲ, ಅದು ಅವರ ಗುರುತು. ಹಳೆಯದೂ ಹೊಸದೂ ಒಟ್ಟಿಗೇ ಕಣ್ಣೆದುರು ಇರುವ ಸಮಾಜದಲ್ಲಿ ಈ ಮಕ್ಕಳು ಬರೆಯುತ್ತಿದ್ದಾರೆ, ಅಷ್ಟೇ ನನ್ನ ಮಾತು.

ಕಲಿಸುವ ವಿಷಯಕ್ಕೆ ಬಂದರೆ, ಒಂದು ಪರೀಕ್ಷೆ ಇದೆ. "ದಿ" ತೆಗೆದು "ಮೆ" ಹಚ್ಚಿ ನೋಡಿ. "ದಿಲಾಕುಕನ್" ಹೋಗಿ "ಮೆಲಾಕುಕನ್" ಆದರೆ ಅದೂ ಒಂದು ಪದವೇ, "ಮಾಡು" ಅಂತ. ಹಾಗಾದರೆ ಕೂಡಿಸಿ ಬರೆ. "ಸೆಕೊಲಾಹ್"ಗೆ "ಮೆ" ಹಚ್ಚಿದರೆ ಅಂಥ ಪದವೇ ಸಿಗುವುದಿಲ್ಲ, ಮೇಲಾಗಿ ಅದು "ಎಲ್ಲಿ?" ಅನ್ನುವ ಪ್ರಶ್ನೆಗೆ ಉತ್ತರ. ಬಿಡಿಸಿ ಬರೆ. ಇಷ್ಟು ಹೇಳಿಕೊಟ್ಟು, ಅವರದ್ದೇ ಒಂದು ಪುಟವನ್ನು ಅವರ ಕೈಯಲ್ಲೇ ತಿದ್ದಿಸಿದರೆ ಮುಂದಿನ ಅಧ್ಯಾಯ ಬರುವ ಹೊತ್ತಿಗೆ ಈ ತಪ್ಪು ಎದ್ದು ಕಾಣುವಷ್ಟು ಕಮ್ಮಿಯಾಗಿರುತ್ತದೆ. ಅಂಕ ಕಡಿದರೆ ಹುಡುಗ ಹೆದರುತ್ತಾನೆ, "ಮೆ" ಹಚ್ಚಿ ನೋಡುವುದು ಅದರಿಂದ ಬರುವುದಿಲ್ಲ.


ಸುರಬಾಯ_ಮನೆ:

ಅಕ್ಕ, ನಾನು ಸುರಬಾಯದಲ್ಲಿ ಇದ್ದೇನೆ, ನನ್ನ ಯಜಮಾನರು ಜಾವಾದವರು. ಮನೆಯಲ್ಲಿ ಜಾವನೀಸ್, ಕಾಲೇಜಿನಲ್ಲಿ ಇಂಡೋನೇಷ್ಯನ್. ಈ ದೇಶದಲ್ಲಿ ಪ್ರಾದೇಶಿಕ ಭಾಷೆಗಳೇ ಏಳುನೂರಕ್ಕೂ ಜಾಸ್ತಿ. ಹಾಗಾಗಿ "ಅವರ ಭಾಷೆಯನ್ನೇ" ಅಂತ ಹೇಳುವಾಗ ಯಾರ ಭಾಷೆ ಅಂತ ಕೇಳಬೇಕಾಗುತ್ತದೆ. ನಮ್ಮ ಮನೆಯ ಮಕ್ಕಳಿಗೆ ಅದು ಶಾಲೆಯ ಭಾಷೆ.

ಮನೆಮಾತು ಕಾಗುಣಿತದಲ್ಲಿ ಹೇಗೆ ಇಣುಕುತ್ತದೆ ಅಂತ ಹೇಳುತ್ತೇನೆ. ಅನುಮತಿಗೆ "ಇಝಿನ್" ಅಂತ ಅರಬ್ಬಿಯಿಂದ ಬಂದ ಪದ, ಝಡ್ ಅಕ್ಷರದಲ್ಲಿ ಬರೆಯಬೇಕು. ಜಾವನೀಸಿನಲ್ಲಿ ಆ ಧ್ವನಿ ಮೂಲದಲ್ಲಿ ಇಲ್ಲ, "ಇಜಿನ್" ಅಂತಾರೆ, ಹಾಗೇ ಬರೆಯುತ್ತಾರೆ. "ಝಮಾನ್" ಹೋಗಿ "ಜಮಾನ್" ಆಗುವುದೂ ಹೀಗೇ. ಪಶ್ಚಿಮ ಜಾವಾದ ಸುಂದಾ ಭಾಷೆಯವರಿಗೆ ಎಫ್ ಮತ್ತು ವಿ ಎರಡೂ ಹೊರಗಿನಿಂದ ಬಂದ ಧ್ವನಿ, ಅಲ್ಲಿ "ಪ" ಬಂದುಬಿಡುತ್ತದೆ. ಪದ ವ್ಯಂಜನದಲ್ಲಿ ಮುಗಿದರೆ ಅದಕ್ಕೆ ಮುಂಚಿನ "ಇ" ಮತ್ತು "ಎ" ಒಂದರ ಹತ್ತಿರ ಒಂದು ಕೇಳುತ್ತವೆ, ಅದಕ್ಕೇ "ಪ್ರಾಕ್ತಿಕ್" ಬರೆಯಬೇಕಾದ ಕಡೆ "ಪ್ರಾಕ್ತೆಕ್", "ಅಪೊತೆಕ್" ಇರಬೇಕಾದ ಕಡೆ "ಅಪೊತಿಕ್". ನೋಡಿ, ಒಂದರಲ್ಲಿ "ಇ" ಸರಿ, ಇನ್ನೊಂದರಲ್ಲಿ "ಎ" ಸರಿ. ಕಿವಿಯಲ್ಲಿ ಕೇಳಿ ಇದನ್ನು ತೀರ್ಮಾನ ಮಾಡಲು ಯಾರಿಂದಲೂ ಆಗುವುದಿಲ್ಲ. ನಿಘಂಟು ತೆಗೆಯಲೇಬೇಕು.

ಪ್ರಶ್ನಾವಳಿ ಹಂಚುತ್ತಾರಲ್ಲ, ಅದರ ಮೇಲ್ಗಡೆ "ದಯವಿಟ್ಟು ತುಂಬಿ" ಅಂತ ಇರುತ್ತದೆ. "ಸಿಲಾಕನ್" ಅನ್ನುವ ಪದ. ಮೂಲ "ಸಿಲ", ಅದಕ್ಕೆ "ಕನ್". ಹತ್ತರಲ್ಲಿ ಎಂಟು ಕಡೆ "ಸಿಲಾಹ್‌ಕನ್" ಅಂತ ಮಧ್ಯದಲ್ಲಿ ಒಂದು ಹ್ ಸೇರಿಸಿರುತ್ತಾರೆ. ಸರಕಾರಿ ಕಚೇರಿಯ ಬಾಗಿಲ ಮೇಲೂ ನಾನು ಅದನ್ನೇ ನೋಡಿದ್ದೇನೆ.


ಪುಸ್ತಕದ_ಅಂಗಡಿ:

ಇದಕ್ಕೆ ಒಂದು ಸೇರಿಸುತ್ತೇನೆ. ಅರ್ಧ ಗೊಂದಲ ಹೊರಗಿನಿಂದ ಬಂದ ಪದಗಳದ್ದು. ಡಚ್ ಕಾಲದಲ್ಲಿ ಬಂದ ಪದಕ್ಕೆ ಡಚ್ ಉಚ್ಚಾರದ ರೂಪ, ಆಮೇಲೆ ಅಧಿಕೃತವಾಗಿ ಗೊತ್ತುಮಾಡಿದ ರೂಪ ಬೇರೆ. "ಅನಲಿಸ" ಡಚ್ ಕಡೆಯಿಂದ, "ಅನಲಿಸಿಸ್" ಈಗಿನದು. "ಹಿಪೊತೆಸ" ಹೋಗಿ "ಹಿಪೊತೆಸಿಸ್". "ಓಬ್ಯೆಕ್" ಹೋಗಿ "ಓಬ್ಜೆಕ್". "ಮೆತೊದ" ಹೋಗಿ "ಮೆತೊದೆ". ಇವೆಲ್ಲ ಸಂಶೋಧನಾ ಪ್ರಬಂಧದ ನಿತ್ಯದ ಪದಗಳು, ಒಂದೊಂದು ಪುಟದಲ್ಲೂ ಬರುತ್ತವೆ. ಹಳೇ ತಲೆಮಾರಿನ ಪ್ರಾಧ್ಯಾಪಕರ ಪುಸ್ತಕ ತೆಗೆದರೆ ಅಲ್ಲಿ "ಅನಲಿಸ" ಅಂತಲೇ ಇದೆ, ವಿದ್ಯಾರ್ಥಿ ಅದನ್ನೇ ಉದ್ಧರಿಸುತ್ತಾನೆ, ಮುಂದಿನ ಸಾಲಿನಲ್ಲಿ ತನ್ನ ಮಾತಿಗೂ ಅದೇ ರೂಪ ಬಳಸುತ್ತಾನೆ. ಪಾಪ, ಅವನ ಮುಂದಿದ್ದ ಮಾದರಿಯೇ ಅದು.

ಅಪಾಯಕ್ಕೆ "ರಿಸಿಕೊ" ಸರಿ, "ರೆಸಿಕೊ" ತಪ್ಪು. ಕ್ರಿಯಾಶೀಲ ಅನ್ನುವುದಕ್ಕೆ "ಅಕ್ತಿಫ್", ಕೊನೆಯಲ್ಲಿ ಎಫ್. ಆದರೆ ಚಟುವಟಿಕೆ ಅನ್ನುವಾಗ ಅದೇ ಪದ ವಿ ಅಕ್ಷರಕ್ಕೆ ಬದಲಾಗುತ್ತದೆ. ಪರಿಣಾಮಕಾರಿತನ, ಸೃಜನಶೀಲತೆ, ಉತ್ಪಾದಕತೆ, ಈ ಎಲ್ಲ ಪದಗಳಿಗೂ ಇದೇ ಕಥೆ. ಇಂಡೋನೇಷ್ಯದವರು ವಿ ಅಕ್ಷರವನ್ನೂ "ಫ" ಅಂತಲೇ ಓದುತ್ತಾರೆ, ಹಾಗಾಗಿ ಇದು ಕಣ್ಣಲ್ಲಿ ನೋಡಿ ನೆನಪಿಡಬೇಕಾದ ನಿಯಮ.


ಕೋಡ್_ಬರೆಯುವವ:

ಒಂದು ನೇರ ಪ್ರಶ್ನೆ. ಕಂಪ್ಯೂಟರ್ ಇರುವಾಗ ಇಷ್ಟೆಲ್ಲ ಕಷ್ಟ ಯಾಕೆ? ವರ್ಡ್‌ನಲ್ಲಿ ಕೆಂಪು ಗೆರೆ ಬರುತ್ತದಲ್ಲ. ಇಂಡೋನೇಷ್ಯನ್ ನಿಘಂಟು ಹಾಕಿಕೊಂಡರೆ ಮುಗಿಯಿತು.


ಜೋಗ್ಜಾ_ಕನ್ನಡತಿ:

ಒಳ್ಳೇ ಪ್ರಶ್ನೆ. ಎರಡು ಕಾರಣಕ್ಕೆ ಮುಗಿಯುವುದಿಲ್ಲ.

ಮೊದಲನೆಯದು, "ದಿ ಲಾಕುಕನ್" ಅಂತ ಬಿಡಿಸಿ ಬರೆದರೆ ಗೆರೆಯೇ ಬೀಳುವುದಿಲ್ಲ. "ದಿ" ನಿಘಂಟಿನಲ್ಲಿರುವ ಪದ. "ಲಾಕುಕನ್" ಕೂಡ ಸರಿಯಾದ ಪದ, "ಮಾಡು" ಅಂತ ಆಜ್ಞೆ. ಯಂತ್ರ ಒಂದೊಂದೇ ಪದವನ್ನು ನೋಡುತ್ತದೆ, ಎರಡೂ ಇವೆ, ಬಿಟ್ಟುಬಿಡುತ್ತದೆ. ಅತಿ ಸಾಮಾನ್ಯವಾದ ತಪ್ಪೇ ಯಂತ್ರದ ಕಣ್ಣಿಗೆ ಕಾಣದ ತಪ್ಪು. "ಮೆಂಗ್‌ಕಾಜಿ" ಅಂದರೆ ಅಧ್ಯಯನ ಮಾಡು, "ಮೆಂಗಾಜಿ" ಅಂದರೆ ಕುರಾನ್ ಪಠಿಸು. ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಗೆರೆ ಬೀಳುತ್ತದಾ? ಇಲ್ಲ.

ಎರಡನೆಯದು, ಎಷ್ಟೋ ವಿದ್ಯಾರ್ಥಿಗಳ ವರ್ಡ್ ಇಂಗ್ಲಿಷಿಗೆ ಹೊಂದಿಸಿಟ್ಟಿರುತ್ತದೆ. ಆಗ ಪುಟವಿಡೀ ಕೆಂಪು. ಎಲ್ಲದಕ್ಕೂ ಗೆರೆ ಬಿದ್ದರೆ ಯಾರೂ ಯಾವುದನ್ನೂ ನೋಡುವುದಿಲ್ಲ, ಅದನ್ನು ಆಫ್ ಮಾಡಿಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದು ತಾನಾಗಿ ತಿದ್ದುವ ಸೌಲಭ್ಯ. ಚಹಾಕ್ಕೆ ಇಲ್ಲಿ "ತೆಹ್" ಅಂತಾರೆ, ಟಿ-ಇ-ಎಚ್. ಇಂಗ್ಲಿಷ್ ವರ್ಡ್ ಅದನ್ನು ಟೈಪಿಂಗ್ ತಪ್ಪು ಅಂದುಕೊಂಡು ಟಿ-ಎಚ್-ಇ ಮಾಡಿಬಿಡುತ್ತದೆ. ಕೃಷಿ ವಿಭಾಗದವರು ಹಸಿರು ಚಹಾದ ಮೇಲೆ ಪ್ರಬಂಧ ಬರೆದರೆ ಒಂದೊಂದು ಪುಟದಲ್ಲಿ ಎಷ್ಟು ಸಲ ಹೀಗಾಗುತ್ತದೆ ನೀವೇ ಊಹಿಸಿ. ಬೆರಳು ಸರಿಯಾಗೇ ಒತ್ತಿದೆ, ತಪ್ಪು ಮಾಡಿದ್ದು ಯಂತ್ರ, ಬೈಸಿಕೊಳ್ಳುವುದು ಹುಡುಗಿ.

ಭಾಷಾ ಇಲಾಖೆಯವರದ್ದೇ ಸಿಪೆಬಿ ಅಂತ ಕಾಗುಣಿತ ತಿದ್ದುವ ತಂತ್ರಾಂಶ ಇದೆ, ಒಂದು ಸುತ್ತು ಅದರಲ್ಲಿ ಹಾಯಿಸಿದರೆ ಒಳ್ಳೆಯದು. ಕೆಬಿಬಿಐ ಅನ್ನುವ ಅವರ ದೊಡ್ಡ ನಿಘಂಟು 1988ರಲ್ಲಿ ಮೊದಲು ಬಂದದ್ದು, ಈಗ ಆನ್‌ಲೈನ್‌ನಲ್ಲಿ ಉಚಿತ. "ರೆಸಿಕೊ" ಅಂತ ಹುಡುಕಿದರೆ ಸರಿಯಾದ ರೂಪ "ರಿಸಿಕೊ" ಅಂತ ಅದೇ ತೋರಿಸುತ್ತದೆ. ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಯಾವುದನ್ನು ಹಿಡಿಯುವುದಿಲ್ಲ ಅಂತ ಗೊತ್ತಿದ್ದು ಬಳಸಬೇಕು.


ಸಂಸ್ಕೃತ_ಓದು:

ಇಲ್ಲಿ ನಮ್ಮ ಓದುಗರಿಗೆ ಹತ್ತಿರದ ಒಂದು ಸಂಗತಿ ಇದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅವರು "ಮಹಾಸಿಸ್ವ" ಅಂತಾರೆ, ನಮ್ಮ ಮಹಾ ಮತ್ತು ಶಿಷ್ಯ. ಸ್ನಾತಕೋತ್ತರಕ್ಕೆ "ಪಸ್ಚಸರ್ಜನ". ದೇಶಗಳ ನಡುವೆ ಅನ್ನುವುದಕ್ಕೆ "ಅಂತರ್‌ನೆಗಾರ". ಈ "ಪಸ್ಚ", "ಅಂತರ್", "ಪ್ರ" ಎಲ್ಲ ಸಂಸ್ಕೃತದಿಂದ ಹೋದವು. ಅವು ಒಂಟಿಯಾಗಿ ನಿಲ್ಲುವ ಪದಗಳಲ್ಲ, ಮುಂದಿನ ಪದಕ್ಕೆ ಅಂಟಿಕೊಂಡೇ ಬರಬೇಕು. ನಾವು "ಅಂತರ ರಾಷ್ಟ್ರೀಯ" ಅಂತ ಬಿಡಿಸಿದರೆ ಕಣ್ಣಿಗೆ ಚುಚ್ಚುತ್ತದೆ, ಯಾಕೆಂದರೆ ಅದು ಉಪಸರ್ಗ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅಲ್ಲಿನ ವಿದ್ಯಾರ್ಥಿಗೆ ಆ ಹಿನ್ನೆಲೆ ಇಲ್ಲ. ಅವನಿಗೆ "ಅಂತರ್" ಅಂದರೆ "ನಡುವೆ" ಅನ್ನುವ ಬಿಡಿ ಪದ "ಅಂತಾರ"ದ ತಮ್ಮ ಅಷ್ಟೇ. ಹಾಗಾಗಿ ಬಿಡಿಸುತ್ತಾನೆ.

ಕೂಡಿಸುವ ಬಿಡಿಸುವ ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಹೊಣೆಗಾರಿಕೆಗೆ "ತಂಗುಂಗ್ ಜವಾಬ್", ಎರಡು ಪದ. ಮುಂದೆ ಮಾತ್ರ ಪ್ರತ್ಯಯ ಬಂದರೆ "ಬೆರ್‌ತಂಗುಂಗ್ ಜವಾಬ್", ಆಗಲೂ ಎರಡೇ. ಹಿಂದೆ ಮುಂದೆ ಎರಡೂ ಕಡೆ ಪ್ರತ್ಯಯ ಬಂದರೆ "ಪೆರ್‌ತಂಗುಂಗ್‌ಜವಾಬನ್" ಅಂತ ಇಡೀ ಒಂದೇ ಪದ. ನಿಯಮ ಹೇಳಿದರೆ ಎರಡು ನಿಮಿಷದಲ್ಲಿ ಅರ್ಥವಾಗುವಂಥದ್ದು. ಹೇಳದೆ ಬರೀ ಗೆರೆ ಎಳೆದರೆ ಒಮ್ಮೆ ಕೂಡಿಸು ಒಮ್ಮೆ ಬಿಡಿಸು ಅಂತ ಮೇಷ್ಟ್ರು ಮನಸ್ಸಿಗೆ ಬಂದ ಹಾಗೆ ತಿದ್ದುತ್ತಿದ್ದಾರೆ ಅನಿಸುತ್ತದೆ.


ಸುರಬಾಯ_ಮನೆ:

"ಮೆ" ಬಂದಾಗ ಮೊದಲಕ್ಷರ ಕರಗುವ ವಿಷಯ ಯಾರೂ ಹೇಳಲಿಲ್ಲ. ಕ, ಪ, ಸ, ತ ಅಕ್ಷರದಿಂದ ಶುರುವಾಗಿ ಹಿಂದೆಯೇ ಸ್ವರ ಇದ್ದರೆ ಆ ವ್ಯಂಜನ ಬಿದ್ದುಹೋಗಬೇಕು. ಪ್ರಭಾವಕ್ಕೆ "ಪೆಂಗಾರುಹ್". ಪ್ರಭಾವ ಬೀರು ಅಂದರೆ "ಮೆಮೆಂಗಾರುಹಿ". ಆದರೆ ಎಲ್ಲರೂ "ಮೆಂಪೆಂಗಾರುಹಿ" ಅಂತಲೇ ಬರೆಯುತ್ತಾರೆ. ಅಂಕಿಅಂಶದ ಪ್ರಬಂಧದಲ್ಲಿ ಇದರಷ್ಟು ಸಲ ಬರುವ ಕ್ರಿಯಾಪದ ಇನ್ನೊಂದಿಲ್ಲ. ಒತ್ತಕ್ಷರದಿಂದ ಶುರುವಾದರೆ ಮಾತ್ರ ಕರಗುವುದಿಲ್ಲ, "ಮೆಂಪ್ರೊದುಕ್ಸಿ" ಸರಿ. ಮೇಲಾಗಿ "ಮೆಂಪುನ್ಯಾಯಿ", ಅಕ್ಕ ಹೇಳಿದ "ಮೆಂಗ್‌ಕಾಜಿ" ಅಂತ ನಿಯಮ ಮೀರಿ ನಿಂತ ಪದಗಳೂ ಇವೆ. ಬದಲಿಸು ಅನ್ನುವುದಕ್ಕೆ "ಮೆರುಬಾಹ್" ಬರೆಯುತ್ತಾರೆ, ಅದು "ಮೆಂಗುಬಾಹ್" ಆಗಬೇಕು. ಮೂಲ ಪದ "ಉಬಾಹ್". "ಬೆರುಬಾಹ್" ಅಂದರೆ ಬದಲಾಗು, ಅದನ್ನು ತಪ್ಪಾಗಿ ಒಡೆದು ಮೂಲ ಪದ "ರುಬಾಹ್" ಅಂದುಕೊಳ್ಳುತ್ತಾರೆ. "ರುಬಾಹ್" ಅಂದರೆ ನರಿ.


ಮೇಷ್ಟ್ರು_ಧಾರವಾಡ:

ಇಷ್ಟೆಲ್ಲ ಓದಿದ ಮೇಲೆ ಒಂದು ಒಪ್ಪುತ್ತೇನೆ, ಇದು ಬರೀ ಸೋಮಾರಿತನ ಅಲ್ಲ. ಆದರೆ ಕಲಿಸುವವರು ಯಾರು? ಸಂಶೋಧನೆಯ ಮಾರ್ಗದರ್ಶಕರಿಗೆ ವಿಷಯ ನೋಡುವುದೇ ಸಾಕಾಗಿರುತ್ತದೆ.


ಜೋಗ್ಜಾ_ಕನ್ನಡತಿ:

ಸರ್, ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲೇ. 2012ರ ಉನ್ನತ ಶಿಕ್ಷಣ ಕಾಯ್ದೆಯ ಪ್ರಕಾರ ಇಂಡೋನೇಷ್ಯನ್ ಭಾಷೆ ಪ್ರತಿ ಡಿಗ್ರಿಯಲ್ಲೂ ಕಡ್ಡಾಯ ವಿಷಯ, ಧರ್ಮ, ಪಂಚಶೀಲ (ಈ ದೇಶದ ಐದು ಮೂಲತತ್ವ), ಪೌರನೀತಿ ಇವುಗಳ ಜೊತೆಗೆ. ಸಾಮಾನ್ಯವಾಗಿ ಅದು ಮೊದಲ ವರ್ಷಗಳಲ್ಲೇ ಮುಗಿದುಹೋಗುತ್ತದೆ. ಪ್ರಬಂಧ ಬರೆಯುವುದು ಕೊನೆಗೆ. ನಡುವೆ ಬರೆದದ್ದೆಲ್ಲ ವಾಟ್ಸಾಪಿನಲ್ಲಿ. ಅಲ್ಲಿ "ಯಾಂಗ್" ಅನ್ನುವುದಕ್ಕೆ ವೈ-ಜಿ, "ತಿದಾಕ್" ಅನ್ನುವುದಕ್ಕೆ ಟಿ-ಡಿ-ಕೆ. ಅದನ್ನು ನಾನು ದೂರುವುದಿಲ್ಲ, ಹರಟೆಗೆ ಅದು ಸರಿ. ಆದರೆ ಕಲಿತ ಹೊತ್ತಿಗೂ ಬಳಸುವ ಹೊತ್ತಿಗೂ ವರ್ಷಗಟ್ಟಲೆ ಅಂತರ ಬಿದ್ದರೆ ಯಾವ ನಿಯಮ ಉಳಿಯುತ್ತದೆ ಹೇಳಿ. ಆ ಪಾಠವನ್ನು ಪ್ರಬಂಧ ಶುರುವಾಗುವ ಸೆಮಿಸ್ಟರಿಗೆ ತಂದರೆ ಅರ್ಧ ಕೆಲಸ ಆದ ಹಾಗೇ.

ಇನ್ನೊಂದು ಕಡೆಯೂ ಇದೆ. ಒಬ್ಬ ವಿದ್ಯಾರ್ಥಿನಿಯ ಮೂರನೇ ಅಧ್ಯಾಯ ಮಾರ್ಗದರ್ಶಕರ ಹತ್ತಿರದಿಂದ ವಾಪಸ್ ಬಂದಿತ್ತು. ಯಾವ ವಿಶ್ವವಿದ್ಯಾಲಯ ಅಂತ ಬೇಡ. ಪ್ರತಿ ಪುಟದಲ್ಲೂ ಕೆಂಪು ಸುತ್ತು, ಎಲ್ಲ "ದಿ" ಮತ್ತು ದೊಡ್ಡಕ್ಷರದ್ದೇ. ಭಾಷೆಯ ಹೆಸರು ಬರೆಯುವಾಗ "ಬಹಾಸ"ದ ಬಿ ಚಿಕ್ಕದಿರಬೇಕು, "ಇಂಡೋನೇಷ್ಯ"ದ ಐ ದೊಡ್ಡದಿರಬೇಕು, ಅದನ್ನೆಲ್ಲ ತಿದ್ದಿದ್ದರು. ಸರಿಯಾಗೇ ತಿದ್ದಿದ್ದರು. ಆದರೆ ಅವಳು ಆಯ್ದ ಮಾದರಿ ಒಂದೇ ತರಗತಿಯದ್ದು, ಅದರಿಂದ ಇಡೀ ಜಿಲ್ಲೆಯ ಬಗ್ಗೆ ತೀರ್ಮಾನ ಹೇಳಿದ್ದಳು. ಅದರ ಪಕ್ಕ ಒಂದು ಗೀಟೂ ಇರಲಿಲ್ಲ. ಅವಳು ಅಲ್ಪವಿರಾಮ ಸರಿ ಮಾಡುತ್ತಾ ಕೂತಳು. ಕಾಗುಣಿತ ಸುಲಭಕ್ಕೆ ಕಣ್ಣಿಗೆ ಬೀಳುತ್ತದೆ, ವಾದದ ತೂತು ಹುಡುಕಲು ಕೂತು ಓದಬೇಕು. ಎರಡನ್ನೂ ಒಂದೇ ಸಲ ತಿದ್ದಬೇಡಿ ಅಂತ ನನ್ನ ಕೋರಿಕೆ. ಮೊದಲು ವಾದ. ಅಧ್ಯಾಯ ಗಟ್ಟಿಯಾದ ಮೇಲೆ ಒಂದು ದಿನ ಕೂತು ಬರೀ ಕಾಗುಣಿತ.


ಹೊಸ_ಸದಸ್ಯೆ_ಮಲಂಗ್:

ನಾನು ಮಲಂಗ್‌ನಲ್ಲಿ ಓದುತ್ತಿದ್ದೇನೆ, ಈ ಚರ್ಚೆ ಸರಿಯಾದ ಹೊತ್ತಿಗೆ ಸಿಕ್ಕಿತು. ನಮ್ಮ ವಿಭಾಗದ ಕೈಪಿಡಿಯಲ್ಲಿ ಪುಎಬಿ ಅನುಸರಿಸಿ ಅಂತ ಇದೆ, ಸ್ನೇಹಿತರು ಇವೈಡಿ ಅಂತಾರೆ. ಯಾವುದು ಹಿಡಿಯಲಿ ಅಕ್ಕ?


ಜೋಗ್ಜಾ_ಕನ್ನಡತಿ:

2015ರಲ್ಲಿ ಇವೈಡಿಗೇ ಪುಎಬಿ ಅಂತ ಹೆಸರು ಬದಲಾಯಿತು. 2022ರ ಆಗಸ್ಟ್ 16ರಂದು ಇವೈಡಿ ಐದನೇ ಆವೃತ್ತಿ ಅಂತ ಹಳೇ ಹೆಸರಿಗೇ ವಾಪಸ್ ಬಂದರು. ಈಗ ಜಾರಿಯಲ್ಲಿರುವುದು ಅದೇ. ನಿಮ್ಮ ಕೈಪಿಡಿ ಅದಕ್ಕಿಂತ ಮುಂಚೆ ಅಚ್ಚಾಗಿರಬೇಕು. ಎರಡಕ್ಕೂ ವ್ಯತ್ಯಾಸ ಜಾಸ್ತಿ ಇಲ್ಲ, "ದಿ" ನಿಯಮ, ಅಂಟುವ ಉಪಸರ್ಗದ ನಿಯಮ ಎಲ್ಲ ಹಾಗೇ ಇವೆ. ನಿಮಗೆ ಮೊದಲು ತಾಗುವುದು ಮುನ್ನುಡಿ ಪುಟದಲ್ಲಿ, ದೇವರಿಗೆ ಕೃತಜ್ಞತೆ ಹೇಳುತ್ತೀರಲ್ಲ, ಅಲ್ಲಿ. ಸರ್ವಶಕ್ತ ಅನ್ನುವ "ಮಹಾಕುವಾಸ" ಮುಂಚೆ ಒಂದೇ ಪದ. ಈಗ ದೇವರನ್ನು ಕುರಿತ "ಮಹಾ" ಎಲ್ಲವೂ ಬಿಡಿ, ಎರಡೂ ಪದಕ್ಕೆ ದೊಡ್ಡಕ್ಷರ. "ಮಹಾಸಿಸ್ವ" ಮಾತ್ರ ಎಂದಿನ ಹಾಗೆ ಕೂಡಿಯೇ. ಮಾರ್ಗದರ್ಶಕರಿಗೆ ಒಂದು ಮೆಸೇಜ್ ಹಾಕಿ "ಐದನೇ ಆವೃತ್ತಿ ಅನುಸರಿಸಲಾ ಸರ್" ಅಂತ ಕೇಳಿಬಿಡಿ, ಅವರು ಹೂಂ ಅಂದರೆ ಕೊನೆವರೆಗೂ ಅದನ್ನೇ ಹಿಡಿಯಿರಿ. ಮುನ್ನುಡಿ ಪುಟ ಬೇಕಿದ್ದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.